ಗರ್ಭರಕ್ಷಣೆ: ರಾಜಧರ್ಮವೂ ಗೃಹಧರ್ಮವೂ

ವೀರಶೈವ ಸಂಪ್ರದಾಯದಲ್ಲಿ ಮನುಷ್ಯನಿಗೂ ಲಿಂಗಕ್ಕೂ ಇರುವ ಸಂಬಂಧವು ಹುಟ್ಟಿದ ಮೇಲೆ ಏರ್ಪಡುವುದಲ್ಲ. ತಾಯಿಯ ಗರ್ಭದಲ್ಲಿರುವಾಗಲೇ ಅದು ಏರ್ಪಡುತ್ತದೆ. ಗರ್ಭವು ಎಂಟನೆಯ ತಿಂಗಳಿಗೆ ಬಂದಾಗ ಗುರುವು ಒಳಗಿರುವ ಶಿಶುವಿನ ಸಲುವಾಗಿ ಲಿಂಗವೊಂದನ್ನು ಸಂಸ್ಕರಿಸಿ, ಅದನ್ನು ತಾಯಿಯು ಧರಿಸಿರುವಂತೆ ಅನುಗ್ರಹಿಸುವನು; ಕೂಸು ಹುಟ್ಟಿದ ಬಳಿಕ ಆ ಲಿಂಗವೇ ಕೂಸಿನ ಅಂಗಕ್ಕೆ ಬರುವುದು. ಇದು ಗರ್ಭಲಿಂಗಧಾರಣೆಯ ಕ್ರಮ. ಇಂದು ಅನೇಕ ಮನೆಗಳಲ್ಲಿ ಇದು ಹೆಸರಿಗೆ ಮಾತ್ರ ಉಳಿದಿರಬಹುದು. ಆದರೆ ಇದರಲ್ಲಿ ಅಡಗಿರುವ ಎರಡು ತತ್ತ್ವಗಳು ಮರೆಯತಕ್ಕವಲ್ಲ. ಕಣ್ಣಿಗೆ ಇನ್ನೂ ಕಾಣದ ಶಿಶುವು ಭಕ್ತಸಮೂಹದ ಆದರಕ್ಕೆ ಪಾತ್ರವಾದುದು ಎಂಬುದು ಮೊದಲನೆಯದು. ಆ ಆದರವು ಶಿಶುವಿಗೆ ತಲುಪಬೇಕಾದರೆ ತಾಯಿಯ ಮೂಲಕವೇ ತಲುಪಬೇಕು ಎಂಬುದು ಎರಡನೆಯದು. ಶಿಶುವಿನ ಲಿಂಗಕ್ಕೆ ಆ ಕಾಲದಲ್ಲಿ ತಾಯಿಯ ಅಂಗವಲ್ಲದೆ ಬೇರೆ ಪೀಠವಿಲ್ಲ.

ಈ ಎರಡನೆಯ ತತ್ತ್ವವನ್ನು ಆಯುರ್ವೇದದ ಆಚಾರ್ಯರೂ ಬಲ್ಲವರಾಗಿದ್ದರು. ಗರ್ಭಿಣಿಯನ್ನು ಅವರು ಎರಡು ಹೃದಯಗಳುಳ್ಳವಳೆಂಬ ಅರ್ಥದಲ್ಲಿ ದೌಹೃದಿನಿಯೆಂದು ಕರೆದರು. ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ಹೊತ್ತವನು ಅದು ತುಳುಕದಂತೆ ಎಷ್ಟು ಎಚ್ಚರ ವಹಿಸುವನೋ ಅಷ್ಟು ಎಚ್ಚರದಿಂದ ಗರ್ಭಿಣಿಯನ್ನು ನೋಡಿಕೊಳ್ಳಬೇಕೆಂಬುದು ಚರಕಸಂಹಿತೆಯ ಅಭಿಪ್ರಾಯ. ಇಲ್ಲಿ ಎಚ್ಚರದ ಹೊಣೆಯು ಸುತ್ತಲಿನವರದು ಎಂಬುದನ್ನು ಗಮನಿಸಬೇಕು. ಪಾತ್ರೆಯು ತುಳುಕಿದರೆ ದೋಷವು ಹೊತ್ತವನದೇ ಹೊರತು ಪಾತ್ರೆಯದಲ್ಲ.

ಗರ್ಭಪಾತದ ವಿಷಯದಲ್ಲಿ ಇಂದು ಕೇಳಿಬರುವ ವಾದಗಳು ಬಹುಮಟ್ಟಿಗೆ ಈ ಮಾತನ್ನು ಬಿಟ್ಟೇ ಆರಂಭವಾಗುತ್ತವೆ. ಭ್ರೂಣಹತ್ಯೆಯು ಮಹಾಪಾಪ, ಆದುದರಿಂದ ಸರ್ಕಾರವು ಅದನ್ನು ಸಂಪೂರ್ಣವಾಗಿ ನಿಷೇಧಿಸಬೇಕೆಂದು ಒಂದು ಪಕ್ಷ. ಅದು ಹೆಣ್ಣಿನ ಸ್ವಂತ ವಿಷಯ, ಅನ್ಯರು ಮಾತನಾಡತಕ್ಕದ್ದಲ್ಲವೆಂದು ಇನ್ನೊಂದು ಪಕ್ಷ. ಮೊದಲನೆಯವರು ಶಿಶುವಿನ ಹೆಸರು ಹೇಳಿ ತಾಯಿಯನ್ನು ಮರೆಯುತ್ತಾರೆ. ಎರಡನೆಯವರು ತಾಯಿಯ ಹೆಸರು ಹೇಳಿ, ಅವಳನ್ನು ಆ ದಾರಿಗೆ ತಳ್ಳಿದ ಮನೆಯನ್ನೂ ಊರನ್ನೂ ತೋಟವನ್ನೂ ಹೊಣೆಯಿಂದ ಬಿಡಿಸಿಬಿಡುತ್ತಾರೆ. ಸದ್ಭಕ್ತನಾದ ಗೃಹಸ್ಥನಿಗೆ ಇವೆರಡೂ ಸಾಲವು.

ಧರ್ಮಶಾಸ್ತ್ರಗಳಲ್ಲಿ ಭ್ರೂಣಹತ್ಯೆಯ ನಿಂದೆಯು ಪ್ರಸಿದ್ಧವಾಗಿದೆ. ಅಷ್ಟಾಗಿ ಪ್ರಸಿದ್ಧವಲ್ಲದ ಒಂದು ವಿಚಾರವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಮರೆಯಾಗಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಕೋಶಾಗಾರದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದು ಜಗತ್ತಿಗೆ ತಿಳಿಸಿದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಗರ್ಭ ಕೆಡಿಸಿದವರಿಗೆ ಆ ಗ್ರಂಥವು ಮೂರು ಬಗೆಯ ದಂಡವನ್ನು ವಿಧಿಸುತ್ತದೆ. ಹೊಡೆತದಿಂದ ಕೆಡಿಸಿದವನಿಗೆ ಉತ್ತಮವಾದ ದಂಡ, ಔಷಧದಿಂದ ಕೆಡಿಸಿದವನಿಗೆ ಮಧ್ಯಮವಾದುದು, ಪರಿಕ್ಲೇಶದಿಂದ ಕೆಡಿಸಿದವನಿಗೆ ಪೂರ್ವಸಾಹಸವೆಂಬ ಮೊದಲ ಮೆಟ್ಟಿಲಿನ ದಂಡ. ಪರಿಕ್ಲೇಶವೆಂದರೆ ಪೀಡೆ, ಬಳಲಿಕೆ, ನಾಲ್ಕೂ ಕಡೆಯಿಂದ ಒತ್ತುವ ಕಷ್ಟ. ಕೈಯೆತ್ತದೆ, ಮದ್ದು ಕೊಡದೆ, ಬರಿಯ ಕಷ್ಟಕ್ಕೆ ಗುರಿಮಾಡಿ ಗರ್ಭವನ್ನು ಕೆಡಿಸಿದವನೂ ಅಪರಾಧಿಯೆಂದು ಆ ಪ್ರಾಚೀನ ರಾಜನೀತಿಯು ಕಂಡಿತ್ತು. ದಿಕ್ಕಿಲ್ಲದ ಸ್ತ್ರೀಯರನ್ನೂ ಅವರು ಹೆತ್ತ ಮಕ್ಕಳನ್ನೂ ರಾಜನು ಪೋಷಿಸತಕ್ಕದ್ದೆಂಬ ವಿಧಿಯೂ ಅದೇ ಗ್ರಂಥದಲ್ಲಿದೆ. ದಂಡ ಮತ್ತು ಪೋಷಣೆ ಎರಡೂ ಕೂಡಿದರೇ ರಾಜಧರ್ಮ.

ಆಧುನಿಕ ಕಾನೂನಿನ ಕಣ್ಣು ಬಹುಕಾಲ ಈ ಮೂರರಲ್ಲಿ ಔಷಧದ ಮೇಲೆಯೇ ನಟ್ಟಿತ್ತು. 1860ರ ದಂಡಸಂಹಿತೆಯಂತೆ ತಾಯಿಯ ಪ್ರಾಣವನ್ನುಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿಸುವುದು ಅಪರಾಧವಾಗಿತ್ತು. ಗರ್ಭ ತೆಗೆಸಿಕೊಂಡ ಹೆಂಗಸೂ ಶಿಕ್ಷಾರ್ಹಳಾಗಿದ್ದಳು. ಆ ವಿಧಿಯ ಸಾರವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಉಳಿದಿದೆ. ನಿಷೇಧದಿಂದ ಗರ್ಭಪಾತಗಳು ನಿಲ್ಲಲಿಲ್ಲ, ಕತ್ತಲೆಗೆ ಸರಿದವು. ಸೂಲಗಿತ್ತಿಯ ಕಡ್ಡಿಗೂ ನಾಡುಮದ್ದಿಗೂ ಪ್ರಾಣ ತೆತ್ತವರು ಅಸಂಖ್ಯಾತರು. ಆದುದರಿಂದಲೇ ಭಾರತ ಸರ್ಕಾರವು 1964ರಲ್ಲಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯ ವರದಿಯ ಫಲವಾಗಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆಯು ರೂಪುಗೊಂಡು 1972ರ ಏಪ್ರಿಲಿನಿಂದ ಜಾರಿಗೆ ಬಂದಿತು. 2021ರ ತಿದ್ದುಪಡಿಯ ಮೇರೆಗೆ ಈಗ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯವೂ, ಕೆಲವು ವರ್ಗದ ಸ್ತ್ರೀಯರಿಗೆ 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯವೂ ಬೇಕು. ಅದಕ್ಕೂ ಮೀರಿದರೆ, ಶಿಶುವಿಗೆ ತೀವ್ರವಾದ ನ್ಯೂನತೆಯಿರುವ ಪ್ರಸಂಗದಲ್ಲಿ ವೈದ್ಯಮಂಡಲಿಯು ನಿರ್ಧರಿಸಬೇಕು. ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನು ಇಲ್ಲಿ ಮಾಡಲಾಗದೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿದೆ.

ಇದರೊಡನೆ ಜನರು ಬೆರೆಸಿಬಿಡುವ ಇನ್ನೊಂದು ವಿಷಯವಿದೆ. ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡಿಸುವುದನ್ನು 1994ರ ಬೇರೊಂದು ಕಾಯಿದೆಯು ನಿಷೇಧಿಸಿದೆ. ಅದು 1996ರ ಜನವರಿ 1ರಿಂದ ಜಾರಿಯಲ್ಲಿದೆ. ಈ ಎರಡು ಕಾಯಿದೆಗಳ ಸ್ವಭಾವವು ಬೇರೆ ಬೇರೆ. ಮೊದಲನೆಯದು ಸಂಕಟದಲ್ಲಿರುವ ಹೆಣ್ಣಿಗೆ ಆಸರೆ, ಎರಡನೆಯದು ಹೆಣ್ಣೆಂಬ ಕಾರಣಕ್ಕೆ ನಡೆಯುವ ಹತ್ಯೆಗೆ ತಡೆ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿರಿಸಿಕೊಂಡು ಭ್ರೂಣವು ಹೆಣ್ಣೇ ಗಂಡೇ ಎಂದು ಹೇಳುತ್ತಿದ್ದರೆಂಬ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಹಲವರನ್ನು ಬಂಧಿಸಿದರು. ತನಿಖೆಯನ್ನು ರಾಜ್ಯ ಸರ್ಕಾರವು ಸಿ.ಐ.ಡಿ.ಗೆ ಒಪ್ಪಿಸಿತು. ಕಬ್ಬಿನ ಹಾಲು ಬೆಲ್ಲವಾಗುವ ಜಾಗದಲ್ಲಿ ಇಂಥ ವ್ಯಾಪಾರವು ನಡೆಯಿತೆಂಬ ಸುದ್ದಿಯನ್ನು ಕೇಳಿ ನಾಡು ತಲೆತಗ್ಗಿಸಿತು. ಭಾರತದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 1961ರಲ್ಲಿ 976 ಹೆಣ್ಣುಮಕ್ಕಳಿದ್ದರು. 2011ರ ಜನಗಣತಿಯ ವೇಳೆಗೆ ಆ ಸಂಖ್ಯೆಯು 918ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು 948 ಆಗಿತ್ತು. ಅದೇ ಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಎಲ್ಲ ವಯಸ್ಸಿನವರನ್ನೂ ಕೂಡಿಸಿದರೆ 1000 ಗಂಡಸರಿಗೆ 1008 ಹೆಂಗಸರಿದ್ದರು. ಇದು ಸಂತೋಷದ ವಿಷಯವೇ ಸರಿ. ಆದರೆ ಅದನ್ನೇ ನೆಮ್ಮಿ ಮಲೆನಾಡಿನ ಗೃಹಸ್ಥರು ನಿಶ್ಚಿಂತರಾಗುವಂತಿಲ್ಲ.

ಏಕೆಂದರೆ ಹೆಣ್ಣೆಂದು ತಿಳಿದು ಗರ್ಭವನ್ನು ತೆಗೆಸುವ ದುರ್ಬುದ್ಧಿಯು ಗುಡಿಸಲಿನಲ್ಲಿ ಹುಟ್ಟಿದುದಲ್ಲ. ಆಸ್ತಿಯಿರುವಲ್ಲಿ, ಅದಕ್ಕೆ ವಾರಸುದಾರನು ಬೇಕೆಂಬ ಹಂಬಲವಿರುವಲ್ಲಿ, ವರದಕ್ಷಿಣೆಯ ಭಯವಿರುವಲ್ಲಿ ಅದು ಬೇರೂರುತ್ತದೆ. ಸೊಸೆಯು ಎರಡನೆಯ ಸಲ ಹೆಣ್ಣು ಹೆತ್ತಳೆಂದು ತೊಟ್ಟಿಲ ಶಾಸ್ತ್ರವನ್ನು ಸಣ್ಣದಾಗಿ ಮುಗಿಸುವ ಮನೆಯೂ, ತೋಟವನ್ನು ಮುಂದೆ ನೋಡಿಕೊಳ್ಳುವವರು ಯಾರೆಂದು ನೆಂಟರೆದುರು ನಿಟ್ಟುಸಿರಿಡುವ ಹಿರಿಯರೂ ಪೊಲೀಸರ ಕೈಗೆ ಸಿಕ್ಕುವುದಿಲ್ಲ. ಆದರೆ ಕೌಟಿಲ್ಯನು ಹೇಳಿದ ಪರಿಕ್ಲೇಶವು ಅಲ್ಲಿಯೇ ನಡೆದಿರುತ್ತದೆ. ಆತ್ಮಕ್ಕೆ ಸ್ತ್ರೀಪುರುಷಭೇದವಿಲ್ಲವೆಂಬುದು ಜೇಡರ ದಾಸಿಮಯ್ಯನ ಕಾಲದಿಂದಲೂ ಶರಣರ ಸಿದ್ಧಾಂತ. ಗುರುವು ಗರ್ಭಕ್ಕೆ ಲಿಂಗವನ್ನು ಕರುಣಿಸುವಾಗ ಒಳಗಿರುವುದು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಗುರುವು ಕೇಳದುದನ್ನು ಯಂತ್ರದಿಂದ ಕೇಳಿ ತಿಳಿಯಹೊರಟವನು ಶಿವಭಕ್ತನೆನ್ನಿಸಿಕೊಳ್ಳಲಾರನು. ಈ ಒಂದು ವಿಷಯದಲ್ಲಿ ಸರ್ಕಾರದ ದಂಡವು ಎಷ್ಟು ಬಿಗಿಯಾದರೂ ನ್ಯಾಯವೇ.

ಇನ್ನುಳಿದ ಗರ್ಭಪಾತಗಳ ಮಾತೇನು? ಗರ್ಭವು ಅಷ್ಟು ಪವಿತ್ರವಾದರೆ ಅವನ್ನೂ ಹಾಗೆಯೇ ನಿಷೇಧಿಸಬಾರದೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಪೂರ್ವಪಕ್ಷಕ್ಕೆ ಇತಿಹಾಸವೇ ಒಂದು ಸಮಾಧಾನವನ್ನು ಹೇಳುತ್ತದೆ. 1966ರಲ್ಲಿ ರುಮೇನಿಯಾ ದೇಶದ ಸರ್ಕಾರವು ಜನಸಂಖ್ಯೆಯನ್ನು ಹೆಚ್ಚಿಸುವ ಸಲುವಾಗಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಮೊದಲ ಒಂದೆರಡು ವರ್ಷ ಜನನಗಳು ಏರಿದವು, ಬಳಿಕ ಇಳಿಯತೊಡಗಿದವು. ಏರಿದುದು ತಾಯಂದಿರ ಮರಣ, ತುಂಬಿದುವು ಅನಾಥಾಲಯಗಳು. ಗುಟ್ಟಾದ ಗರ್ಭಪಾತಗಳಲ್ಲಿ ಸಾವಿರಾರು ಹೆಂಗಸರು ಸತ್ತರು. 1989ರ ಡಿಸೆಂಬರಿನಲ್ಲಿ ಆ ಆಡಳಿತವು ಬಿದ್ದು ಆಜ್ಞೆಯು ರದ್ದಾದ ಮರುವರ್ಷವೇ ತಾಯಂದಿರ ಮರಣವು ಸುಮಾರು ಅರ್ಧಕ್ಕೆ ಇಳಿಯಿತು. ಆ ಆಜ್ಞೆಗೆ ತಾಯಂದಿರು ಪ್ರಾಣದ ಬೆಲೆ ತೆತ್ತರು.

ಇದಕ್ಕೆ ತದ್ವಿರುದ್ಧವಾದ ಉದ್ದೇಶದಿಂದ ಭಾರತದಲ್ಲಿಯೇ ನಡೆದ ಇನ್ನೊಂದು ಬಲಾತ್ಕಾರವನ್ನು ಹಿರಿಯರು ಮರೆತಿರಲಾರರು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ಜನನಗಳನ್ನು ಕಡಿಮೆ ಮಾಡುವ ಸಲುವಾಗಿ ಅಧಿಕಾರಿಗಳಿಗೆ ಗುರಿಗಳನ್ನು ಗೊತ್ತುಪಡಿಸಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಜನರ ಮೇಲೆ ಹೇರಲಾಯಿತು. ರುಮೇನಿಯಾದವರು ಹೆರಿಗೆ ಹೆಚ್ಚಲಿ ಎಂದರು, ಇಲ್ಲಿಯವರು ಕಡಿಮೆಯಾಗಲಿ ಎಂದರು. ಎರಡು ಕಡೆಯೂ ಮನುಷ್ಯರ ಕಾಯವನ್ನು ಲೆಕ್ಕದ ಪುಸ್ತಕದ ಅಂಕಿಯೆಂದು ಬಗೆದರು. ಇವೆರಡಕ್ಕೂ ಮೊದಲು 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತ್ತು. ಬಂದವರಿಗೆ ತಿಳಿವಳಿಕೆ ಕೊಡುವುದು ಅದರ ಕ್ರಮ. ಬೇಡದ ಗರ್ಭವೇ ಮೂಡದಿದ್ದರೆ ಅದನ್ನು ತೆಗೆಸುವ ಪ್ರಸಂಗವೂ ಬಾರದು ಎಂಬ ಸರಳವಾದ ವಿವೇಕ ಅಲ್ಲಿತ್ತು. ಗರ್ಭಪಾತವನ್ನು ಕಡಿಮೆ ಮಾಡಬಯಸುವವರು ಗರ್ಭನಿರೋಧದ ತಿಳಿವಳಿಕೆಯನ್ನು ವಿರೋಧಿಸುವುದು ಕೆರೆಯ ಕಟ್ಟೆಯನ್ನು ಒಡೆದು ನೆರೆಯನ್ನು ಬೈದಂತೆ.

ಎರಡನೆಯ ಸಮಾಧಾನವು ತತ್ತ್ವಕ್ಕೆ ಸಂಬಂಧಿಸಿದುದು. ಶಿಶುವಿನ ಲಿಂಗಕ್ಕೆ ಪೀಠವಾದ ತಾಯಿಯ ಅಂಗವು ಆಕೆಯ ಸ್ವಂತ ಇಷ್ಟಲಿಂಗಕ್ಕೂ ನೆಲೆಯಾಗಿದೆ. ಕಾಯದಲ್ಲಿಯೇ ದೇವಾಲಯವನ್ನು ಕಂಡ ಶರಣರ ದೃಷ್ಟಿಯಲ್ಲಿ ಹೆಣ್ಣಿನ ಕಾಯವೂ ದೇವಾಲಯವೇ. ಒಂದು ಲಿಂಗವನ್ನು ಉಳಿಸುವ ನೆಪದಿಂದ ಇನ್ನೊಂದು ಲಿಂಗದ ಗುಡಿಯನ್ನು ಬಲಾತ್ಕಾರದಿಂದ ಹೊಗುವುದು ಭಕ್ತಿಯಲ್ಲ. ತಾಯಿಯ ಪ್ರಾಣಕ್ಕೆ ಅಪಾಯವಿರುವಾಗ, ಎಳೆಯ ಹುಡುಗಿಯು ದುಷ್ಟನ ಕೈಗೆ ಸಿಕ್ಕು ಗರ್ಭಿಣಿಯಾದಾಗ, ಬೇರೆ ದಾರಿಯೇ ಇಲ್ಲದ ಸಂಕಟಗಳಲ್ಲಿ ವೈದ್ಯನ ಬಾಗಿಲು ತೆರೆದಿರಲೇಬೇಕು. ಅಂಥವಳು ಮನೆಗೆ ಮರಳಿದಾಗ ಪ್ರಾಯಶ್ಚಿತ್ತದ ಮಾತನ್ನೆತ್ತದೆ ಬಿಸಿನೀರು, ಗಂಜಿ, ವಿಶ್ರಾಂತಿ ಕೊಟ್ಟು ಸಂತೈಸುವುದೇ ಧರ್ಮ. ಗರ್ಭವು ಪೂಜ್ಯವೆಂಬ ತತ್ತ್ವಕ್ಕೆ ಇದರಿಂದ ಚ್ಯುತಿಯಿಲ್ಲ. ಆ ತತ್ತ್ವದ ಭಾರವನ್ನು ಹೊರಬೇಕಾದವರು ಯಾರೆಂಬುದಷ್ಟೇ ಪ್ರಶ್ನೆ. ಅದನ್ನು ಒಂಟಿ ಹೆಣ್ಣಿನ ಹೆಗಲ ಮೇಲೆ ಹೊರಿಸಿ ಸುತ್ತಲಿನವರು ತೀರ್ಪು ಹೇಳುತ್ತ ಕುಳಿತರೆ ಅದು ಧರ್ಮವೆನಿಸದು.

ಹಾಗಾದರೆ ಸರ್ಕಾರವು ಮಾಡತಕ್ಕದ್ದೇನು? ಪರಿಕ್ಲೇಶವನ್ನು ಕಡಿಮೆ ಮಾಡುವುದು. ಫಿನ್ಲೆಂಡ್ ದೇಶವು 1938ರಿಂದ ಬಡ ಗರ್ಭಿಣಿಯರಿಗೆ ಕೂಸಿನ ಬಟ್ಟೆಬರೆಗಳಿರುವ ಪೆಟ್ಟಿಗೆಯೊಂದನ್ನು ಕೊಡತೊಡಗಿ, 1949ರಿಂದ ಅದನ್ನು ಎಲ್ಲ ತಾಯಂದಿರಿಗೂ ವಿಸ್ತರಿಸಿತು. ಗರ್ಭದ ಮೊದಲ ತಿಂಗಳುಗಳಲ್ಲಿಯೇ ವೈದ್ಯರಲ್ಲಿಗೆ ಬಂದು ತೋರಿಸಿಕೊಳ್ಳಬೇಕೆಂಬುದೊಂದೇ ನಿಬಂಧನೆ. ಕರ್ನಾಟಕವು 2007ರಲ್ಲಿ ಆರಂಭಿಸಿದ್ದ ಮಡಿಲು ಚೀಲದ ಹಿಂದೆಯೂ ಇಂಥದೇ ಭಾವವಿತ್ತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳ ಯೋಜನೆಯು ಆರಂಭವಾದಾಗ ಮೊದಲ 33 ಕ್ಷೇತ್ರಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ರಾಜ್ಯವು 2017ರ ಅಕ್ಟೋಬರ್ 2ರಂದು ಆರಂಭಿಸಿತು. ಅದೇ ವರ್ಷ ಬಂದ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿಗಳೂ, 2022ರಿಂದ ಎರಡನೆಯದು ಹೆಣ್ಣಾದರೆ 6000 ರೂಪಾಯಿಗಳೂ ತಾಯಿಗೆ ಸಲ್ಲುತ್ತವೆ. 1961ರ ತಾಯ್ತನದ ಸೌಲಭ್ಯ ಕಾಯಿದೆಯು 2017ರ ತಿದ್ದುಪಡಿಯಿಂದ ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. ಕಾಫಿ, ಚಹದ ತೋಟಗಳಿಗೆ 1951ರಷ್ಟು ಹಿಂದೆಯೇ ಪ್ರತ್ಯೇಕ ಕಾಯಿದೆಯೊಂದು ಬಂದಿತ್ತು. 50 ಮಂದಿ ಹೆಣ್ಣಾಳುಗಳಿರುವ ತೋಟದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಮನೆಯಿರಬೇಕೆಂದು ಅದು ವಿಧಿಸಿತ್ತು. ಈ ಹಳೆಯ ಕಾಯಿದೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾದವು. ಆದರೆ ಆ ಕರ್ತವ್ಯಗಳು ಅಳಿದಿಲ್ಲ.

ಇವೆಲ್ಲವೂ ಶ್ಲಾಘ್ಯವಾದುವು. ಆದರೆ ಯಾವ ವಿಧಿಗೂ ಒಂದು ಹೊಸ್ತಿಲುಂಟು. ಹೊಸ್ತಿಲ ಹೊರಗೆ ನಿಂತವರಿಗೆ ಅದು ಇಲ್ಲದಂತೆಯೇ. ಮೂಡಿಗೆರೆ, ಕಳಸಗಳ ಇಳಿಜಾರಿನ ತೋಟವೊಂದರಲ್ಲಿ ಹಣ್ಣು ಕೊಯ್ಯಲು ಬಂದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಅವಳು ಬಯಲುಸೀಮೆಯವಳಾಗಿರಬಹುದು, ದೂರದ ಅಸ್ಸಾಮಿನವಳಾಗಿರಬಹುದು. ಎರಡು ಹೆಣ್ಣುಮಕ್ಕಳು ಆಗಲೇ ಇವೆ. ಮೂರನೆಯದು ಗರ್ಭದಲ್ಲಿ ನಿಂತಿದೆ. ಕೊಯ್ಲಿನ ಕಾಲದಲ್ಲಿ ಕೂಲಿಯು ಕಿಲೋ ಲೆಕ್ಕದಲ್ಲಿ ದೊರೆಯುತ್ತದೆ. ಕೂತ ದಿನ ಕಾಸಿಲ್ಲ. ಹಣ್ಣು ತುಂಬಿದ ಚೀಲವನ್ನು ಹೊತ್ತು ಜಾರುವ ನೆಲದಲ್ಲಿ ತೂಕದ ಜಾಗದವರೆಗೆ ನಡೆಯಬೇಕು. ಅವಳನ್ನು ಕರೆತಂದವನು ಮೇಸ್ತ್ರಿ. ತೋಟದ ಖಾಯಂ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ತೋಟವು 5 ಹೆಕ್ಟೇರಿಗಿಂತ ಚಿಕ್ಕದಾದರೆ ಪ್ಲಾಂಟೇಷನ್ನಿನ ವಿಧಿಗಳು ಅದನ್ನು ಮುಟ್ಟುವುದಿಲ್ಲ. ಈ ಗುಡ್ಡಗಳಲ್ಲಿ ಬಹುಪಾಲು ಹಿಡುವಳಿಗಳು ಸಣ್ಣವೇ. ಮೂರನೆಯ ಮಗುವಿಗೆ ಮಾತೃವಂದನೆಯ ಹಣವಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೂ ಎರಡು ಮಕ್ಕಳಿರುವವಳಿಗೆ ರಜೆಯು 26 ವಾರವಲ್ಲ, 12 ವಾರ ಮಾತ್ರ. ಅಂಗನವಾಡಿಯ ಊಟಕ್ಕೆ ಗುಡ್ಡವಿಳಿದು ಹೋಗಿ ಬರುವಷ್ಟರಲ್ಲಿ ಅರ್ಧ ದಿನದ ಕೂಲಿ ಕಳೆಯುತ್ತದೆ. ಕಳಸದಿಂದ ಜಿಲ್ಲಾ ಆಸ್ಪತ್ರೆಯಿರುವ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರಿನ ಘಟ್ಟದ ದಾರಿ.

ಇಂಥವಳು ಒಂದು ರಾತ್ರಿ ಲೈನುಮನೆಯಲ್ಲಿ ಯಾರಿಗೂ ಹೇಳದೆ ಗುಳಿಗೆಯೊಂದನ್ನು ನುಂಗಿದರೆ, ಅವಳ ಕೈಗೆ ಆ ಗುಳಿಗೆಯನ್ನು ಕೊಟ್ಟವರು ಯಾರು? ಅಂಗಡಿಯವನು ಒಬ್ಬನೇ ಅಲ್ಲ. ಕೂತರೆ ಕೂಲಿಯಿಲ್ಲವೆಂದ ಪದ್ಧತಿ, ಮೂರನೆಯದಕ್ಕೆ ಹಣವಿಲ್ಲವೆಂದ ನಿಯಮ, ಅವಳು ಬಸುರಿಯೆಂಬುದನ್ನೇ ವಿಚಾರಿಸದ ಸಾಹುಕಾರ, ಎಲ್ಲರ ಕೈಯೂ ಅದರಲ್ಲಿದೆ. ಅವಳೇ ಎಣ್ಣೆ ತುಂಬಿದ ಆ ಪಾತ್ರೆ. ಅದನ್ನು ಒಯ್ಯುವ ಹೊಣೆ ತಮ್ಮದೆಂದು ಇವರಲ್ಲಿ ಒಬ್ಬರೂ ತಿಳಿದಿರಲಿಲ್ಲ.

ಸರ್ಕಾರದ ಕೈಗೆ ಎಟುಕದ ಈ ಅಂತರವೇ ಗೃಹಸ್ಥನ ಕ್ಷೇತ್ರ. ಚಿಕ್ಕಮಗಳೂರಿನ ಸೀಮೆಯಲ್ಲಿ ಕಾಫಿತೋಟಗಳ ಒಡೆಯರಾದ ಲಿಂಗವಂತರು ಅನೇಕರಿದ್ದಾರೆ. ಬಾಳೆಹೊನ್ನೂರಿನ ಪೀಠವಿರುವ ಈ ನೆಲದಲ್ಲಿ ಜಾತ್ರೆಗೆ, ಅಡ್ಡಪಲ್ಲಕ್ಕಿ ಉತ್ಸವಕ್ಕೆ ಅವರು ಧಾರಾಳವಾಗಿ ಸಲ್ಲಿಸುತ್ತಾರೆ. ಅಂಥ ಧಾರಾಳತನವು ಲೈನುಮನೆಯ ಬಾಗಿಲಿಗೂ ಒಂದು ಹೆಜ್ಜೆ ಬರಬೇಕು. ಬಸುರಿಯಾದ ಆಳಿಗೆ ಚೀಲ ಹೊರಿಸದೆ ಕಣದಲ್ಲಿ ಹಣ್ಣು ಹೆಕ್ಕುವ ಹಗುರ ಕೆಲಸವನ್ನು ಅದೇ ಕೂಲಿಗೆ ಕೊಡುವುದು, ಬಾಣಂತನದ ತಿಂಗಳುಗಳಲ್ಲಿ ಪಡಿ ಅಳೆದು ಕೊಡುವುದು, ತಾಯಿಕಾರ್ಡು ಮಾಡಿಸಲು ರೈಟರನ್ನು ಜೊತೆಗೆ ಕಳುಹಿಸುವುದು, ನೋವು ಬಂದ ರಾತ್ರಿ ಜೀಪನ್ನು ಹೊರಡಿಸುವುದು, ಇವುಗಳಲ್ಲಿ ಯಾವುದೂ ಒಡೆಯನನ್ನು ಬಡವನನ್ನಾಗಿಸದು. 50 ಹೆಣ್ಣಾಳುಗಳಿಲ್ಲದ ಸಣ್ಣ ತೋಟದವರು ಐದಾರು ಮಂದಿ ಕೂಡಿ ಕೂಸುಗಳಿಗೊಂದು ಮನೆಯನ್ನು ನಡೆಸಬಹುದು. ಗ್ರಾಮ ಪಂಚಾಯತಿಗಳಲ್ಲಿ 2023ರಿಂದ ರಾಜ್ಯ ಸರ್ಕಾರವು ಕೂಸಿನ ಮನೆಗಳನ್ನು ತೆರೆಯತೊಡಗಿದುದು ಇದಕ್ಕೆ ಮೇಲ್ಪಂಕ್ತಿಯಾಗಿದೆ. ತೆರಿಗೆ ಕೊಟ್ಟಿದ್ದೇವಲ್ಲ, ಉಳಿದುದು ಸರ್ಕಾರದ ಕೆಲಸವೆಂದು ಹೇಳುವವರುಂಟು. ತೆರಿಗೆಯು ಕಾನೂನಿನ ಸಾಲ; ಅದನ್ನು ತೀರಿಸಿದ ಮಾತ್ರಕ್ಕೆ ದಾಸೋಹದ ಸಾಲ ತೀರದು. ಬೇರೊಬ್ಬರಿಂದ ಮಾಡಿಸುವ ದಾಸೋಹವನ್ನು ಶರಣರು ಒಪ್ಪಿದವರಲ್ಲ.

ಇನ್ನೊಂದು ಆಕ್ಷೇಪವುಂಟು. ಮದುವೆಯಾಗದವಳಿಗೂ ಹೀಗೆಯೇ ಆದರ ತೋರಿದರೆ ಶೀಲವು ಸಡಿಲವಾಗುವುದೆಂದು ಹೆದರುವವರು ಕಡಿಮೆಯಿಲ್ಲ. ಇವರು ಒಂದು ಮಾತನ್ನು ಯೋಚಿಸಬೇಕು. ಊರಿನ ಬಾಯಿಗೆ ಹೆದರಿ ಗರ್ಭವನ್ನು ತೆಗೆಸಿದವಳ ವಿಷಯದಲ್ಲಿ, ಶಿಶುವಿನ ಪ್ರಾಣಕ್ಕೆ ಎರವಾದುದು ಆ ಊರಿನ ಬಾಯಿಯೇ. ಭ್ರೂಣಹತ್ಯೆಯನ್ನು ನಿಂದಿಸುವ ನಾಲಗೆಯೇ ಭ್ರೂಣಹತ್ಯೆಗೆ ಕಾರಣವಾಗುವ ವಿಪರೀತವಿದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಲಿಂಗಾಂಗಿಗೆ ಇಲ್ಲವೆಂದರು. ಹೆರಿಗೆಯ ಮೈಲಿಗೆಯನ್ನೇ ಒಪ್ಪದ ಧರ್ಮದಲ್ಲಿ ಹುಟ್ಟಿದ ಕೂಸಿಗೆ ಕಳಂಕವನ್ನು ಹಚ್ಚುವ ಅಧಿಕಾರವು ಯಾರಿಗಿದೆ? ಬಸವಣ್ಣನವರ ಅಕ್ಕ ನಾಗಮ್ಮನವರು ಪ್ರಸಾದಮಹಿಮೆಯಿಂದ ಗರ್ಭವನ್ನು ತಳೆದರೆಂದು ಪುರಾಣಗಳು ಹೇಳುತ್ತವೆ. ಆ ಪವಾಡವನ್ನು ಯಾರು ಹೇಗೆ ತಿಳಿದರೂ, ಶರಣರ ಮನೆಯು ಆ ತಾಯಿಯನ್ನು ತಲೆಯೆತ್ತಿ ನಿಲ್ಲಿಸಿತು, ಆ ಕೂಸು ಷಟ್ಸ್ಥಲಜ್ಞಾನಿ ಚನ್ನಬಸವಣ್ಣನಾಗಿ ಬೆಳೆಯಿತು ಎಂಬುದರಲ್ಲಿ ಎರಡು ಮಾತಿಲ್ಲ.

ಸಾಕಲಾರದ ತಾಯಿಗೂ ದಾರಿಯಿದೆ. 2015ರ ಬಾಲನ್ಯಾಯ ಕಾಯಿದೆಯಂತೆ ಅಂಥವಳು ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಕಾಶವಿದೆ. ಬಳಿಕ ಕೂಸು ದತ್ತುಹೋಗುತ್ತದೆ. ಮಕ್ಕಳಿಗಾಗಿ ಹರಕೆ ಹೊರುವ ದಂಪತಿಗಳು ಒಂದು ಕಡೆ, ಹೆತ್ತ ಕೂಸನ್ನು ಎಲ್ಲಿಡಲೆಂದು ತಿಳಿಯದವಳು ಇನ್ನೊಂದು ಕಡೆ ಇರುವಾಗ, ಇವರ ನಡುವೆ ಇರುವ ಕಂದಕವು ಕುಲದ ಅಭಿಮಾನ ಒಂದೇ. ಯಾರ ಮಗುವೋ ಎಂದು ಕೇಳಿ ಹಿಂದೆಗೆಯುವವರು, ಇವನಾರವನೆಂದು ಎಣಿಸಬಾರದೆಂಬ ಶರಣಬೋಧೆಯನ್ನು ನಿತ್ಯವೂ ಬಾಯಲ್ಲಿ ಹೇಳುವವರೇ ಆಗಿದ್ದಾರೆ.

ಕಲ್ಯಾಣದಲ್ಲಿ ಆಯ್ದಕ್ಕಿಯ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಪತ್ನಿ ಲಕ್ಕಮ್ಮನು ಅಂದಿನ ಅಗತ್ಯಕ್ಕೆ ಮೀರಿದುದನ್ನು ತಂದ ಜಾಗಕ್ಕೇ ಹಿಂತಿರುಗಿಸಿದಳೆಂಬ ಕಥೆಯನ್ನು ಮಕ್ಕಳೂ ಬಲ್ಲರು. ಈ ಗುಡ್ಡಗಳಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಮನೆಗೆ ಬಂದುದರಲ್ಲಿ ಅಗತ್ಯಕ್ಕೆ ಮೀರಿದುದೆಷ್ಟು, ಅದು ಯಾರ ಬೆರಳುಗಳಿಂದ ಆಯ್ದುದು ಎಂದು ಲಕ್ಕಮ್ಮನ ಕಣ್ಣಿನಿಂದ ನೋಡಿದರೆ, ಹಿಂತಿರುಗಿಸಬೇಕಾದ ಜಾಗವು ತಾನಾಗಿಯೇ ತೋರುವುದು.

ಶಾಸನವು ಆಸ್ಪತ್ರೆಯ ಬಾಗಿಲನ್ನು ತೆರೆದಿಡಲಿ, ಹೆಣ್ಣೆಂದು ಕೊಲ್ಲುವವರನ್ನು ದಂಡಿಸಲಿ, ರಜೆಯನ್ನೂ ಊಟವನ್ನೂ ಮೂರನೆಯ ಕೂಸಿನ ತಾಯಿಗೂ ವಲಸೆಯ ಹೆಣ್ಣಿಗೂ ಮುಟ್ಟಿಸಲಿ, ಅದು ರಾಜಧರ್ಮ. ತನ್ನ ಮನೆಯ ಸೊಸೆಯಾಗಲಿ ತನ್ನ ತೋಟದ ಆಳಾಗಲಿ, ಬಸುರಿಯಾದ ಸುದ್ದಿಯನ್ನು ಹೆದರಿಕೆಯಿಲ್ಲದೆ ಹೇಳುವಂತೆ ನಡೆದುಕೊಳ್ಳುವುದು ಗೃಹಧರ್ಮ. ಒಬ್ಬ ಹೆಣ್ಣುಮಗಳಿಗೆ ಆ ಸುದ್ದಿಯನ್ನು ಹೇಳಲು ಭಯವಾದ ಮನೆಯಲ್ಲಿ ಪೂಜೆಯು ಎಷ್ಟು ಸಾಂಗವಾಗಿ ನಡೆದರೂ ಅದು ಅಪೂರ್ಣವೇ. ಆ ಭಯವನ್ನು ಮೊದಲು ಕಳೆಯಬೇಕು. ಗರ್ಭರಕ್ಷಣೆಯ ವ್ರತವು ಅಲ್ಲಿಂದ ಆರಂಭವಾಗುತ್ತದೆ. ಸದ್ಭಕ್ತರು ಇದನ್ನು ಮನನ ಮಾಡಿ ಆಚರಣೆಗೆ ತರುವರಾಗಲಿ.